ಬೇಯಿಸಿದ ಬೀಜ

ಕಾನೂನಿನ ಕಣ್ಣಲ್ಲಿ ನೋಡಿದರೆ ನಮ್ಮ ಚಿಕ್ಕಮಗಳೂರು ಜಿಲ್ಲೆ ಕದ್ದ ಮಾಲಿನ ಮೇಲೆ ನಿಂತಿದೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಫಕೀರ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ ದೇಶದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ ಎಂಬ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಮೊಳಕೆ ಒಡೆಯುವ ಬೀಜ ಬಂದರು ದಾಟಬಾರದು ಅಂತ ಅರಬ್ಬರ ಕಟ್ಟಪ್ಪಣೆ ಇತ್ತಂತೆ. ಬೇಯಿಸಿಯೋ ಹುರಿದೋ ಹೊರದೇಶಕ್ಕೆ ಮಾರುತ್ತಿದ್ದರಂತೆ. ಅಂದರೆ ಏನು? ಕಾಸು ಕೊಡು, ಕುಡಿ, ಖಾಲಿಯಾದ ಮೇಲೆ ಮತ್ತೆ ನಮ್ಮ ಬಾಗಿಲಿಗೇ ಬಾ. ನಿನ್ನ ಹಿತ್ತಲಲ್ಲಿ ಬೆಳೆದುಕೊಳ್ಳುವ ಯೋಚನೆ ಮಾತ್ರ ಮಾಡಬೇಡ.

ಕತೆಯಲ್ಲಿ ಎಷ್ಟು ನಿಜ, ಎಷ್ಟು ಜನ ಸೇರಿಸಿದ್ದು ಎನ್ನುವುದನ್ನು ಚರಿತ್ರೆ ಬರೆಯುವವರು ನೋಡಿಕೊಳ್ಳಲಿ. ಆ ಗುಡ್ಡದ ಹೆಸರು ಎತ್ತಿದ ಕೂಡಲೇ ಈಗ ಕೆಲವರಿಗೆ ಮೈ ಬಿಸಿಯಾಗುತ್ತದೆ. ನಾನು ಆ ತಕರಾರಿಗೆ ಹೋಗುತ್ತಿಲ್ಲ, ಬೀಜದ ಮಾತಷ್ಟೇ ನನಗೆ ಬೇಕು. ಮೂಡಿಗೆರೆಯಿಂದ ಕಳಸದವರೆಗೆ ಯಾವ ಸಾಹುಕಾರನೂ ಆ ಫಕೀರನನ್ನು ಕಳ್ಳ ಎಂದದ್ದನ್ನು ನಾನು ಕೇಳಿಲ್ಲ. ಅನ್ನಲಾರರು. ಅಂದರೆ ತೋಟ, ಬಂಗಲೆ, ಜೀಪು ಎಲ್ಲವೂ ಕಳ್ಳಮಾಲಿನ ಬಾಬ್ತು ಆಗಿಬಿಡುತ್ತದೆ. ಆದರೆ ಹಾಸ್ಟೆಲಿನ ಬಡ ಹುಡುಗ ಕಾಸಿಲ್ಲದೆ ಒಂದು ಸಾಫ್ಟ್‌ವೇರನ್ನು ಗೆಳೆಯನಿಂದ ನಕಲು ಮಾಡಿಕೊಂಡರೆ ಅವನಿಗೆ ‘ಪೈರೇಟ್’ ಅಂತ ಹೆಸರು. ಪೈರೇಟ್ ಅಂದರೆ ಕಡಲ್ಗಳ್ಳ. ಹಡಗು ಕೊಳ್ಳೆ ಹೊಡೆದು ತಲೆ ಕಡಿಯುವವನು. ಬೀಜ ತಂದ ಒಬ್ಬ ಮಹಾತ್ಮ, ಇನ್ನೊಬ್ಬ ಕಡಲ್ಗಳ್ಳ! ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳುವುದೇ ಈ ಬರಹದ ಕೆಲಸ.

ಕೆಲವು ಸಂಗಾತಿಗಳು ಈಗಲೇ ಮುಖ ಸಿಂಡರಿಸುತ್ತಾರೆ, ಗೊತ್ತು. ‘ಎಂತ ಮಾರಾಯ, ಲೈನ್ ಮನೆಗೆ ಹಕ್ಕುಪತ್ರ ಇಲ್ಲ, ಕೂಲಿ ಏರಿಲ್ಲ, ಸುಡುಗಾಡಿಗೆ ಜಾಗ ಇಲ್ಲ, ನೀನು ಕಂಪ್ಯೂಟರ್ ಕತೆ ಹೊಡೀತಿದ್ದೀಯ. ಇದು ಹೊಟ್ಟೆ ತುಂಬಿದವರ ಜಗಳ’ ಅಂತಾರೆ. ನಾನು ಒಪ್ಪಲ್ಲ. ಪಹಣಿ ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ವಿಧವಾ ಪಿಂಚಣಿ, ಸ್ಕಾಲರ್‌ಶಿಪ್ಪು, ಜಾತಿ ಸರ್ಟಿಫಿಕೇಟು, ಪಡಿತರ, ಬ್ಯಾಂಕಿನ ಸಾಲ ಎಲ್ಲವೂ ಅದರ ಹೊಟ್ಟೆಯೊಳಗಿಂದಲೇ ಬರಬೇಕು. ಹಿಂದೆ ಶಾನುಭೋಗರ ಕೈಲಿ ಇದ್ದದ್ದು ಈಗ ಅಲ್ಲಿದೆ. ಶಾನುಭೋಗರ ಲೆಕ್ಕದ ಪುಸ್ತಕವನ್ನು ನಮ್ಮ ಅಜ್ಜಂದಿರು ಮುಟ್ಟುವಂತಿರಲಿಲ್ಲ. ಈ ಪುಸ್ತಕವನ್ನು ಮೊಮ್ಮಕ್ಕಳು ಮುಟ್ಟಬಹುದೇ?

ತಂತ್ರಾಂಶ ಅಂದರೆ ಏನು ಎಂದು ಮೊದಲು ನೋಡೋಣ. ಅದು ಬರಹ. ಯಾರೋ ಮನುಷ್ಯರು ಕೂತು, ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು ಎಂದು ಯಂತ್ರಕ್ಕೆ ಸಾಲು ಸಾಲಾಗಿ ಬರೆದ ಅಪ್ಪಣೆಗಳು. ಕಲಿತವರು ಅದನ್ನು ಓದಬಹುದು, ತಿದ್ದಬಹುದು. ಇದನ್ನು ಸೋರ್ಸ್ ಕೋಡ್ ಅನ್ನುತ್ತಾರೆ. ಆಮೇಲೆ ಆ ಬರಹವನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ರಾಶಿಯಾಗಿ ಮಾರ್ಪಡಿಸುತ್ತಾರೆ. ಕಂಪನಿಗಳು ಮಾರುವುದು ಈ ರಾಶಿಯನ್ನು. ಮೂಲ ಬರಹ ಅವರ ಪೆಟ್ಟಿಗೆಯಲ್ಲಿ ಭದ್ರ. ರಾಶಿ ಇಟ್ಟುಕೊಂಡು ಕೆಲಸ ತೆಗೆಯಬಹುದು, ಅದರಿಂದ ಇನ್ನೊಂದು ಬೆಳೆ ತೆಗೆಯಲಾಗದು. ಯೆಮನ್ನಿನವರ ಉಪಾಯವೇ ಇದು. ಬೇಯಿಸಿ ಮಾರುವುದು.

ಮಾರುವುದು ಎಂದೆ, ಆ ಮಾತೂ ಸುಳ್ಳು. ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುತ್ತೇವಲ್ಲ, ಅದರ ಹಿಂದೆ ಹತ್ತಾರು ಪುಟದ ಇಂಗ್ಲಿಷ್ ಕರಾರು ಇದೆ. ಅದನ್ನು ಓದಿದರೆ ತಿಳಿಯುತ್ತದೆ, ನೀವು ಏನನ್ನೂ ಕೊಂಡಿಲ್ಲ. ಬಳಸಲು ಅಪ್ಪಣೆ ಪಡೆದಿದ್ದೀರಿ, ಅಷ್ಟೆ. ತೋಟದ ಲೈನಿನಲ್ಲಿ ಹುಟ್ಟಿದವರಿಗೆ ಈ ಸಂಬಂಧ ಹೊಸದಲ್ಲ. ಮನೆ ನಿಮ್ಮದೇ ಅಂತಾರೆ. ಒಲೆ ನಿಮ್ಮದು, ಮಸಿ ಹಿಡಿದ ಗೋಡೆ ನಿಮ್ಮದು, ಹೆರಿಗೆ ಸಾವು ಎರಡೂ ಅಲ್ಲೇ. ಆದರೆ ಒಂದು ಕಿಟಕಿ ಇಡಬೇಕಾದರೆ ರೈಟರನ್ನು ಕೇಳಬೇಕು. ಕೆಲಸಕ್ಕೆ ಹೋಗದಿದ್ದರೆ ಪಾತ್ರೆ ಪಗಡೆ ಹೊರಗೆ.

2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಯಂತ್ರಗಳಲ್ಲಿ ಜನ ದುಡ್ಡು ಕೊಟ್ಟು ತರಿಸಿಕೊಂಡಿದ್ದ ಪುಸ್ತಕಗಳನ್ನು ರಾತ್ರೋರಾತ್ರಿ ಅಳಿಸಿಹಾಕಿತು. ಆ ಪ್ರತಿಗಳನ್ನು ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ನಿಜ. ಆದರೆ ಓದುಗನ ಮನೆಯೊಳಕ್ಕೆ ಅವನನ್ನು ಕೇಳದೆ ಕೈ ಹಾಕಿದರು. ಅಳಿಸಿದ ಪುಸ್ತಕ ಯಾವುದು? ಜಾರ್ಜ್ ಆರ್ವೆಲ್ಲನ ‘1984’. ಹಳೆಯ ಪತ್ರಿಕೆ, ಹಳೆಯ ಬರಹಗಳನ್ನು ಸರ್ಕಾರ ಸುಟ್ಟು ಇಲ್ಲವಾಗಿಸುವ ಕತೆ ಇರುವ ಕಾದಂಬರಿ! ಆಮೇಲೆ ಕಂಪನಿಯ ಯಜಮಾನ ಕ್ಷಮೆ ಕೇಳಿದ. ನಮಗೆ ಬೇಕಾದ್ದು ಕ್ಷಮೆಯಲ್ಲ. ಆ ಕೈ ಒಳಗೆ ಬರಲು ದಾರಿ ಇತ್ತಲ್ಲ, ಅದು.

ನಮ್ಮ ಹತ್ತಿರದ್ದೇ ಒಂದು ಸಂಗತಿ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ತನ್ನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಪುಕ್ಕಟೆ ರಕ್ಷಣೆಯನ್ನು ನಿಲ್ಲಿಸಿತು. ಹೊಸ ವಿಂಡೋಸ್ 11 ಹಳೆಯ ಯಂತ್ರಗಳಿಗೆ ಹತ್ತುವುದಿಲ್ಲ. ಇಂಥಿಂಥ ಚಿಪ್ಪೇ ಇರಬೇಕು ಎಂಬ ಷರತ್ತು ಇದೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡಿರುವ ಹಳ್ಳಿ ಶಾಲೆ ಮೇಷ್ಟ್ರು ಏನು ಮಾಡಬೇಕು? ಯಂತ್ರ ಕೆಟ್ಟಿಲ್ಲ. ಗುಂಡಿ ಒತ್ತಿದರೆ ಏಳುತ್ತದೆ. ಆದರೂ ಅದನ್ನು ಮುದಿಯೆತ್ತಿನ ಸಾಲಿಗೆ ಸೇರಿಸಿಬಿಟ್ಟರು. ಅದೇ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯುತ್ತದೆ ಎಂದು ಆ ಮೇಷ್ಟ್ರಿಗೆ ಹೇಳುವವರು ಇಲ್ಲ.

ಲಿನಕ್ಸ್ ಎಂಬುದು ಎಲ್ಲಿಂದ ಬಂತು? ಇದರ ಹಿಂದೆ ಒಂದು ಜಗಳದ ಕತೆ ಇದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಪ್ರೋಗ್ರಾಮ್ ಬರೆಯುವವರು ತಮ್ಮ ಬರಹವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು, ನೆರೆಮನೆಗೆ ಕೆಂಡ ಕೊಟ್ಟ ಹಾಗೆ. 1976ರ ಫೆಬ್ರವರಿಯಲ್ಲಿ, ಆಗಿನ್ನೂ ಇಪ್ಪತ್ತರ ಹುಡುಗನಾಗಿದ್ದ ಬಿಲ್ ಗೇಟ್ಸ್ ಅವರಿಗೆಲ್ಲ ಒಂದು ಬಹಿರಂಗ ಪತ್ರ ಬರೆದು, ನೀವು ಮಾಡುತ್ತಿರುವುದು ಕಳ್ಳತನ ಎಂದ. ಇತ್ತ ಎಂ.ಐ.ಟಿ. ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಇದ್ದ. 1980ರ ಹೊತ್ತಿಗೆ ಅಲ್ಲಿಗೆ ಜೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಸರಿಮಾಡೋಣ ಅಂದರೆ ಮೂಲ ಬರಹ ಇಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದು ಒಬ್ಬನ ಬಳಿ ಇತ್ತು. ಹೋಗಿ ಕೇಳಿದ. ಆತ ‘ಯಾರಿಗೂ ಕೊಡಲ್ಲ ಅಂತ ಸಹಿ ಹಾಕಿದ್ದೇನೆ’ ಎಂದ.

ಇದರ ನೈತಿಕ ತಿರುಳು ಇರುವುದು ಆ ಸಹಿಯಲ್ಲಿ. ನೆರೆಯವನಿಗೆ ನೆರವಾಗುವುದಿಲ್ಲ ಎಂದು ಮೊದಲೇ ಬರೆದುಕೊಡುವುದು! ಅಂಥ ಕಾಗದಕ್ಕೆ ಸಹಿ ಹಾಕುವವನು ಒಳ್ಳೆಯವನೋ ಕೆಟ್ಟವನೋ ಎಂಬುದು ಆಮೇಲಿನ ಮಾತು. ಅಂಥ ಕಾಗದವನ್ನು ಮುಂದಿಡುವ ವ್ಯವಸ್ಥೆ ಎಂಥದ್ದು? ನಮಗೆ ಇದರ ಅನುಭವ ಸಾವಿರಾರು ವರ್ಷದ್ದು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದಾಗ ಅಲ್ಲಿ ನೀರಿನ ಕೊರತೆ ಇರಲಿಲ್ಲ. ದನಕರು ಕುಡಿಯುತ್ತಿದ್ದವು. ಕೊಟ್ಟರೆ ಖಾಲಿಯಾಗುತ್ತದೆ ಎಂಬ ಭಯದಿಂದ ಯಾರೂ ಬೇಡ ಎನ್ನಲಿಲ್ಲ. ಎಲ್ಲರಿಗೂ ಸಿಕ್ಕರೆ ತಮ್ಮ ಮೇಲುತನ ಖಾಲಿಯಾಗುತ್ತದೆ ಎಂಬ ಭಯದಿಂದ ಬೇಡ ಎಂದರು. ನೀರಾದರೂ ಒಂದು ಬೊಗಸೆ ಕುಡಿದರೆ ಒಂದು ಬೊಗಸೆ ಕಡಿಮೆ ಆಗುತ್ತೆ. ತಂತ್ರಾಂಶ ಅದೂ ಆಗಲ್ಲ. ಸಾವಿರ ಜನ ನಕಲು ಮಾಡಿಕೊಂಡರೂ ಮೂಲದವನ ಬಳಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಕಡಿಮೆಯಾಗದ ವಸ್ತುವಿಗೆ ಬೇಲಿ ಹಾಕಿ, ಬೇಲಿ ದಾಟಿದವನನ್ನು ಕಳ್ಳ ಅನ್ನಬೇಕಾದರೆ ಅದಕ್ಕೆ ಕಾನೂನು ಬೇಕು, ಪೊಲೀಸು ಬೇಕು, ಶಾಸ್ತ್ರವೂ ಬೇಕು. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯಿದೆಯೊಳಗೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸೇರಿಸಿಕೊಂಡು, ನಕಲನ್ನು ಬಳಸಿದವನಿಗೆ ಜೈಲು ಇಟ್ಟಿದ್ದಾರೆ.

ಬರೆದವನ ಹೊಟ್ಟೆಪಾಡು ಏನು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದುಡಿದವನಿಗೆ ಕೂಲಿ ಸಿಗಲೇಬೇಕು, ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಾಫ್ಟ್‌ವೇರ್ ಕಂಪನಿಯಲ್ಲಿ ರಾತ್ರಿ ಹಗಲು ಬರೆಯುವ ಹುಡುಗ ಹುಡುಗಿಯರಿಗೂ ಆ ಬರಹದ ಮೇಲೆ ಹಕ್ಕಿಲ್ಲ. ಸೇರುವ ದಿನವೇ ಬರೆದುಕೊಟ್ಟಿರುತ್ತಾರೆ. ಹಕ್ಕು ಕಂಪನಿಯದ್ದು. ಬರೆದವರ ಹೊಟ್ಟೆಯನ್ನು ಮುಂದೆ ನಿಲ್ಲಿಸಿ ಹಿಂದೆ ನಿಂತಿರುವವನು ಬಂಡವಾಳದವನು.

ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಹೆಸರಿನಲ್ಲಿ ಎಲ್ಲವನ್ನೂ ಹೊಸದಾಗಿ, ತೆರೆದು ಬರೆಯುವ ಪಣ ತೊಟ್ಟ. 1989ರಲ್ಲಿ ಜಿ.ಪಿ.ಎಲ್. ಎಂಬ ಕರಾರು ಬರೆದ. ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ಹಾಕಿಕೋ, ಬೆಳೆದುಕೋ, ಕಸಿ ಮಾಡು, ಹಂಚು, ಮಾರಿದರೂ ಮಾರು, ಆದರೆ ಹಂಚುವಾಗ ಬೇಯಿಸಿ ಹಂಚಬೇಡ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದು ಊರಿಗೆಲ್ಲ ಬಿಟ್ಟ. ಮುಂದಿನ ವರ್ಷ ಅದನ್ನೂ ಈ ಕರಾರಿನ ಕೆಳಗೇ ತಂದ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಪುಕ್ಕಟೆ ಅಂತಲೂ ಅರ್ಥ, ಸ್ವತಂತ್ರ ಅಂತಲೂ ಅರ್ಥ. ಅದನ್ನು ಬಿಡಿಸಿ ಹೇಳಲು ಸ್ಟಾಲ್‌ಮನ್ ಜೀವನವೆಲ್ಲ ಒದ್ದಾಡಿದ್ದಾನೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ಪುಕ್ಕಟೆ ಬೇರೆ, ಬಿಡುಗಡೆ ಬೇರೆ ಎಂದು ನಮ್ಮವ್ವನಿಗೂ ಗೊತ್ತು. ಹಬ್ಬಕ್ಕೆ ಸಾಹುಕಾರರ ಮನೆಯಿಂದ ಬರುವ ಹಳೆ ಸೀರೆ ಪುಕ್ಕಟೆ. ಆದರೆ ಈ ಗೊತ್ತಿರುವುದನ್ನು ನಾವು ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಬಳಸುತ್ತಿಲ್ಲ. ಮೊಬೈಲಿನಲ್ಲಿ ಆ್ಯಪು ಪುಕ್ಕಟೆ ಸಿಕ್ಕಿತು ಎಂದು ಕುಣಿಯುತ್ತೇವೆ.

ಕಾನೂನಿನ ಒಳಗೆ ಇಣುಕಿದರೆ ಈ ಪುಕ್ಕಟೆಯ ಬೆಲೆ ಗೊತ್ತಾಗುತ್ತದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಜಾಗಕ್ಕೆ 2019ರ ಕಾಯಿದೆ ಬಂತು, 2020ರ ಜುಲೈನಿಂದ ಜಾರಿಯಲ್ಲಿದೆ. ‘ಅನ್ಯಾಯದ ಕರಾರು’ ಎಂಬ ಹೊಸ ಮಾತು ಅದರಲ್ಲಿದೆ. ಒಂದು ಕಡೆಯವನು ಮನಸ್ಸು ಬಂದಾಗ ಸಕಾರಣವಿಲ್ಲದೆ ಕರಾರು ಮುರಿಯಬಹುದು ಎಂಬಂಥ ಷರತ್ತು ಇದ್ದರೆ ಪ್ರಶ್ನಿಸಬಹುದು. ಒಳ್ಳೆಯದೇ. ಆದರೆ ಅದನ್ನು ಚಿಕ್ಕಮಗಳೂರಿನ ಜಿಲ್ಲಾ ಆಯೋಗದಲ್ಲಿ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಕಳಸದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ. ಅದಿರಲಿ, ಮುಖ್ಯ ಮಾತು ಬೇರೆ ಇದೆ. ಪುಕ್ಕಟೆ ಸಿಗುವ ಸೇವೆ ಈ ಕಾಯಿದೆಯ ಲೆಕ್ಕದಲ್ಲಿ ಸೇವೆಯೇ ಅಲ್ಲ. ದುಡ್ಡು ಕೊಟ್ಟವನು ಗ್ರಾಹಕ. ಕೊಡದವನಿಗೆ ಸರ್ಕಾರದ ಕಡತಗಳಲ್ಲಿ ಬೇರೆ ಹೆಸರಿದೆ, ಫಲಾನುಭವಿ. ಗ್ರಾಹಕ ದೂರು ಕೊಡುತ್ತಾನೆ. ಫಲಾನುಭವಿ ಕೈ ಮುಗಿಯುತ್ತಾನೆ. ಈ ಎರಡು ಪದಗಳ ನಡುವೆ ಇರುವ ಅಂತರ ಊರಿಗೂ ಕೇರಿಗೂ ಇರುವಷ್ಟೇ.

ತಕ್ಕಡಿಯ ವಿಷಯ ನೋಡಿ. ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲ ಹೊತ್ತು ಹೆಂಗಸರು ಸಾಲು ನಿಲ್ಲುತ್ತಾರೆ. ಕೆಜಿಗೆ ಇಷ್ಟು ಅಂತ ಕೂಲಿ. ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ, ಆದರೆ ಮುಳ್ಳು ಎಲ್ಲಿ ನಿಂತಿತು ಎಂದು ನೋಡಲು ಬರುತ್ತಿತ್ತು. ಮೋಸ ಆದರೆ ‘ಇನ್ನೊಂದ್ಸಲ ತೂಗಿ ರೈಟ್ರೇ’ ಅನ್ನುತ್ತಿದ್ದಳು. ರೈಟರು ಬೈದುಕೊಂಡಾದರೂ ತೂಗುತ್ತಿದ್ದರು. ತಕ್ಕಡಿಗೆ ಅವಧಿಗೊಮ್ಮೆ ಸರ್ಕಾರಿ ಮುದ್ರೆ ಹಾಕಿಸಬೇಕು ಎಂದು ಕಾಯಿದೆ ಇದೆ, ಈಗಿನದು 2009ರದ್ದು. ತೂಗುವ ಸಾಧನ ಮಾಲೀಕನದ್ದೇ ಆದರೂ ಅದು ನಿಜ ಹೇಳುತ್ತದೋ ಇಲ್ಲವೋ ಎಂಬುದು ಮಾಲೀಕನ ಖಾಸಗಿ ವಿಷಯ ಅಲ್ಲ ಎಂದು ನಾಗರಿಕ ಸಮಾಜ ಒಪ್ಪಿಕೊಂಡಿದೆ.

ಹಾಗಾದರೆ ನಮ್ಮನ್ನು ತೂಗುವ ತಂತ್ರಾಂಶಕ್ಕೆ ಮುದ್ರೆ ಎಲ್ಲಿದೆ? ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಇಡಬೇಕು. ವರ್ಷಗಟ್ಟಲೆ ಕಳೆ ಕಿತ್ತು, ಹಣ್ಣು ಕೊಯ್ದು, ಸುಣ್ಣ ಗೊಬ್ಬರ ಹಾಕಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ‘ಹೊಂದಲಿಲ್ಲ’ ಅನ್ನುತ್ತದೆ. ಮೊಬೈಲಿಗೆ ನಂಬರು ಬರುತ್ತೆ, ಅದನ್ನು ಹೇಳಿ ಅಂತಾರೆ. ಗುಡ್ಡದ ಮರೆಯಲ್ಲಿ ಸಿಗ್ನಲ್ಲೇ ಇಲ್ಲ. ಅಕ್ಕಿ ನಮಗೆ 2013ರ ಆಹಾರ ಭದ್ರತಾ ಕಾಯಿದೆಯಿಂದ ಬಂದ ಹಕ್ಕು, ಯಾರ ದಾನವೂ ಅಲ್ಲ. ಆದರೆ ಆ ಹಕ್ಕಿನ ಬಾಗಿಲಲ್ಲಿ ಕೂತಿರುವ ಯಂತ್ರವನ್ನು ಯಾರೂ ಹಕ್ಕಿನ ಒಳಗೆ ಸೇರಿಸಲಿಲ್ಲ. ಬೆರಳು ಹೊಂದಿತೋ ಇಲ್ಲವೋ ಎಂದು ತೀರ್ಮಾನಿಸುವ ತಂತ್ರಾಂಶವನ್ನು ಆಧಾರಿನವರು ಖಾಸಗಿ ಕಂಪನಿಗಳಿಂದ ಪರವಾನಗಿ ಮೇಲೆ ತಂದರು. ಅದರ ಒಳಗೆ ಏನು ಬರೆದಿದೆ ಎಂದು ನೋಡುವ ದಾರಿ ನಮಗಿಲ್ಲ. ‘ಇನ್ನೊಂದ್ಸಲ ತೂಗಿ’ ಅನ್ನೋಣ ಅಂದರೆ ಎದುರಿಗೆ ರೈಟರೂ ಇಲ್ಲ.

ಯಂತ್ರ ಸುಳ್ಳು ಹೇಳಲ್ಲ ಎಂದು ನಂಬುವವರು ಬ್ರಿಟನ್ನಿನ ಕಡೆ ನೋಡಬೇಕು. ಅಲ್ಲಿನ ಪೋಸ್ಟ್ ಆಫೀಸಿನವರು 1999ರಿಂದ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ತಂದರು. ಹಳ್ಳಿ ಪಟ್ಟಣಗಳ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ತೋರಿಸತೊಡಗಿತು. ನಾವು ತಿಂದಿಲ್ಲ ಎಂದು ಅವರು ಗೋಗರೆದರೂ ಕಂಪನಿಯ ಲೆಕ್ಕವನ್ನೇ ಕೋರ್ಟುಗಳು ನಂಬಿದವು. 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಮನೆ ಮಾರಿದರು, ಜೈಲಿಗೆ ಹೋದರು, ಕೆಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ನಮ್ಮ ಕಡೆಯಿಂದ ವಲಸೆ ಹೋದ ಕುಟುಂಬದವರೂ ಇದ್ದರು. ತಪ್ಪು ಇದ್ದದ್ದು ತಂತ್ರಾಂಶದಲ್ಲಿ ಎಂದು 2019ರಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. 2024ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯಿದೆಯನ್ನೇ ತಂದು ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ಅಲ್ಲಿನ ಬಿಳಿ ಅಂಚೆ ಮಾಸ್ತರನ ಮಾತಿಗೇ ಇಪ್ಪತ್ತು ವರ್ಷ ಕಿವಿ ಸಿಗಲಿಲ್ಲ ಎಂದ ಮೇಲೆ ಕಳಸದ ಲೈನಿನ ಹೆಂಗಸಿನ ಗತಿ ಏನು?

ಇನ್ನು ಕನ್ನಡದ್ದು. ಬಂಡಾಯದ ಹಿರಿಯರು ಪತ್ರಿಕೆ ತರುತ್ತಿದ್ದ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದರು. ಮೊಳೆ ಕೊಂಡರೆ ಅದು ನಿಮ್ಮದು. ಪಕ್ಕದ ಪ್ರೆಸ್ಸಿಗೆ ಸಾಲ ಕೊಡಬಹುದು, ಸವೆದರೆ ಕರಗಿಸಬಹುದು, ಅದರಲ್ಲಿ ದೇವರ ಸ್ತೋತ್ರವನ್ನೂ ಅಚ್ಚು ಹಾಕಬಹುದು ದೇವರನ್ನು ಬೈಯುವ ಪದ್ಯವನ್ನೂ ಹಾಕಬಹುದು. ಕಂಪ್ಯೂಟರು ಬಂದಾಗ ಏನಾಯಿತು? ರೋಮನ್ ಅಕ್ಷರಗಳಿಗೆಂದು ಇದ್ದ ಖಾನೆಗಳಲ್ಲಿ ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ಕನ್ನಡದ ಚೂರುಗಳನ್ನು ತುಂಬಿತು. ನುಡಿಯಲ್ಲಿ ಟೈಪ್ ಮಾಡಿದ್ದು ಶ್ರೀಲಿಪಿಯಲ್ಲಿ ತೆರೆಯದು, ಶ್ರೀಲಿಪಿಯದ್ದು ಆಕೃತಿಯಲ್ಲಿ ತೆರೆಯದು. ಹಳೆಯ ಫೈಲು ಬಿಚ್ಚಿದರೆ ಡಾಲರ್ ಗುರುತು, ನೆತ್ತಿ ಮೇಲೆ ಗೀಟು ಎಳೆದ ರೋಮನ್ ಅಕ್ಷರ, ಸುಟ್ಟ ಇರುವೆ ಸಾಲಿನಂಥ ಗೋಜಲು. ನಾವು ಬರೆದದ್ದನ್ನು ನಾವೇ ಓದಬೇಕಾದರೆ ಇನ್ನೊಬ್ಬನ ಕೀಲಿಕೈ ಬೇಕು!

ಈ ಅನ್ಯಾಯವನ್ನು ಮೊದಮೊದಲು ಕಂಡು ಕೂಗಿದವರಲ್ಲಿ ನಮ್ಮ ಮೂಡಿಗೆರೆಯವರೇ ಒಬ್ಬರು, ಪೂರ್ಣಚಂದ್ರ ತೇಜಸ್ವಿ. ತೋಟ ಇದ್ದವರು, ನಮ್ಮ ಕೇರಿಯವರಲ್ಲ. ಅವರ ಎಲ್ಲ ಮಾತೂ ನಮಗೆ ಒಪ್ಪಿಗೆ ಆಗಬೇಕಿಲ್ಲ. ಆದರೆ ಯಂತ್ರ ಕೆಟ್ಟರೆ ತಾವೇ ಬಿಚ್ಚಿ ನೋಡುವ ಮನುಷ್ಯ. ಬಿಚ್ಚುವ ಕೈಗೆ ಮುಚ್ಚಿಟ್ಟದ್ದು ಬೇಗ ತಾಗುತ್ತದೆ. ಸರ್ಕಾರ 2000ದ ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಕಚೇರಿಗಳಿಗೆ ತಂದಿತು. ಅದು ಪುಕ್ಕಟೆ ಸಿಕ್ಕಿತು, ಅದರಿಂದ ಉಪಕಾರವಾಯಿತು, ಸುಳ್ಳಲ್ಲ. ಆದರೆ ಆಗ ಅದರ ಮೂಲ ಬರಹ ಜನರ ಕೈಗೆ ಬರಲಿಲ್ಲ. ತೇಜಸ್ವಿ ಸರ್ಕಾರದ ತಂತ್ರಾಂಶ ನೀತಿಯ ಮೇಲೆ ಜಗಳಕ್ಕೆ ನಿಂತರು. ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ಬರದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂದು ಕಳವಳಪಟ್ಟರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ಹೆಸರಿನ ತಂತ್ರಾಂಶ ಹೊರಬರಲು ದುಡಿದರು. 2007ರ ಏಪ್ರಿಲ್ 5ರಂದು ತೀರಿಕೊಂಡರು. ಜಾಗತಿಕ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು. ಅದನ್ನು ಬಳಸಿ ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2012ರಲ್ಲಿ. ಇಪ್ಪತ್ತೊಂದು ವರ್ಷ!

ಹಾಗಲ್ಲದೆ ಬೇರೆ ಹೇಗೆ ಮಾಡಬಹುದಿತ್ತು ಎನ್ನುವವರಿಗೆ ಉತ್ತರ ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲೇ ಇದೆ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು. 1940ರ ದಶಕದಲ್ಲಿ ಅವರು ಎಸ್. 795 ಎಂಬ ಅರೇಬಿಕಾ ತಳಿ ಹೊರತಂದರು. ಸಾರ್ವಜನಿಕರ ಹಣದಲ್ಲಿ ಮಾಡಿದ ತಳಿ. ಬೀಜ ಸಾರ್ವಜನಿಕರಿಗೇ ಬಂತು. ಒಂದು ತೋಟದ ಗಿಡದಿಂದ ಇನ್ನೊಂದು ತೋಟಕ್ಕೆ ಸಸಿ ಮಾಡಿಕೊಂಡಾಗ ಯಾರೂ ಪರವಾನಗಿ ಚೀಟಿ ಕೇಳಲಿಲ್ಲ. ಇವತ್ತಿಗೂ ಈ ಗುಡ್ಡಗಳಲ್ಲಿ ಎಲ್ಲಿ ನೋಡಿದರೂ ಆ ಗಿಡ ಸಿಗುತ್ತದೆ. ಕಾಫಿ ಬೀಜಕ್ಕೆ ಸಲ್ಲುವ ನ್ಯಾಯ ಕನ್ನಡದ ಅಕ್ಷರಕ್ಕೆ ಯಾಕೆ ಸಲ್ಲಲಿಲ್ಲ? ಕಾಫಿಯ ಹಿಂದೆ ಸಾಹುಕಾರರು ಇದ್ದರು, ಕೇಳಿ ತಗೊಂಡರು. ಅಕ್ಷರದ ಹಿಂದೆ ಅಷ್ಟು ಗಟ್ಟಿಯಾಗಿ ಕೇಳುವವರು ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಓಪನ್ ಸೋರ್ಸಿನ ಭಜನೆ ಆಗುತ್ತದೆ. ನನಗೆ ಭಜನೆ ಆಗಿಬರಲ್ಲ. ಏಳು ಬೀಜಗಳ ಕತೆಯನ್ನು ಪೂರ್ತಿ ಹೇಳಬೇಕು. ಯೆಮನ್ನಿನ ಬೀಗ ಮುರಿಯಿತು, ಬೀಜಕ್ಕೆ ಬಿಡುಗಡೆ ಸಿಕ್ಕಿತು. ಆಮೇಲೆ? ಬ್ರಿಟಿಷರು ಬಂದರು, ಕಾಡು ಕಡಿಸಿ ಎಸ್ಟೇಟು ಮಾಡಿದರು, ಅವರು ಹೋದ ಮೇಲೆ ನಮ್ಮವರೇ ಸಾಹುಕಾರರಾದರು. ಬೀಜ ಎಲ್ಲರದ್ದು, ನೆಲ ಕೆಲವರದ್ದು. ಬೀಜ ಯಾರು ಬೇಕಾದರೂ ಹಾಕಬಹುದು ಎಂಬ ಹಕ್ಕು, ಅಂಗೈಯಗಲ ಭೂಮಿಯೂ ಇಲ್ಲದ ನಮ್ಮ ಅಜ್ಜಿಗೆ ಯಾವ ಪ್ರಯೋಜನಕ್ಕೆ ಬಂತು? ಅವಳು ಹಣ್ಣು ಕೊಯ್ದಳು, ನಮ್ಮವ್ವನೂ ಕೊಯ್ದಳು.

ಓಪನ್ ಸೋರ್ಸಿನಲ್ಲೂ ಇದೇ ನಡೆಯುತ್ತಿದೆ. ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳ ಸರ್ವರುಗಳು ಓಡುವುದು ಲಿನಕ್ಸಿನ ಮೇಲೆ. ನಿಮ್ಮ ಕೈಲಿರುವ ಆಂಡ್ರಾಯ್ಡ್ ಮೊಬೈಲಿನ ತಳಪಾಯವೂ ಅದೇ. ತಳಪಾಯ ಎಲ್ಲರದ್ದು, ಮೇಲೆ ಕಟ್ಟಿದ ಮನೆಗೆ ಗೂಗಲ್ಲಿನ ಬೀಗ. ಆ ಬೀಗದ ದೌಲತ್ತಿಗೆ ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ತೆರೆದ ಬಾವಿಯಿಂದ ಪೈಪು ಎಳೆದುಕೊಂಡು ಟ್ಯಾಂಕರಿನಲ್ಲಿ ನೀರು ಮಾರುವವರು ಇವರು. ಬಾವಿ ಎಲ್ಲರಿಗೂ ತೆರೆದಿದೆ ನಿಜ. ಆದರೆ ಹಗ್ಗ ಯಾರ ಕೈಲಿದೆ? ಸೋರ್ಸ್ ಕೋಡ್ ತೆರೆದೇ ಇದೆ, ಬಂದು ಓದಿ ಅಂತಾರೆ. ಓದಲು ಇಂಗ್ಲಿಷ್ ಬೇಕು, ಸಂಜೆ ಖಾಲಿ ಇರಬೇಕು, ಮನೆಯಲ್ಲಿ ಒಂದು ಯಂತ್ರ ಬೇಕು, ಕೇಳಿದರೆ ಹೇಳಿಕೊಡುವ ಅಣ್ಣನೋ ಮಾವನೋ ಬೇಕು. ಮುಕ್ತ ತಂತ್ರಾಂಶದ ಸಭೆಗಳಲ್ಲಿ ಸ್ವಾತಂತ್ರ್ಯದ ಮಾತು ಬಹಳ ಕೇಳಿದ್ದೇನೆ, ಜಾತಿಯ ಮಾತು ಕೇಳಿಲ್ಲ. ಅಲ್ಲಿ ಯಾರೂ ಕೆಟ್ಟವರಲ್ಲ. ಹಗ್ಗ ಹುಟ್ಟುವಾಗಲೇ ಕೈಲಿದ್ದವರಿಗೆ ಹಗ್ಗ ಕಾಣುವುದಿಲ್ಲ.

ಹಗ್ಗ ಕೊಟ್ಟ ಕಡೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ 2010ರ ಸುಮಾರಿಗೆ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಎಂಬುದು ನಡೆಯುತ್ತಿತ್ತು. ಸ್ತ್ರೀ ಜಾಗೃತಿ ಸಮಿತಿಯವರೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಸೇರಿ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಕೇರಿಯ ಮಕ್ಕಳಿಗೆ ಬಿಟ್ಟರು. ಮಕ್ಕಳು ಜಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆದರು, ಅವುಗಳ ಪ್ರದರ್ಶನವೂ ಆಯಿತು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲೆಗಳಲ್ಲಿ ಗ್ನೂ-ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮಲ್ಲೂ 2011ರಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗಾಗಿ ಸಬ್ಜೆಕ್ಟ್ ಟೀಚರ್ ಫೋರಂ ಎಂದು ಶುರುವಾಗಿ ಅನೇಕರು ಉಬುಂಟು ಕಲಿತರು. ಆ ಮೇಷ್ಟ್ರುಗಳು ಈಗಲೂ ಇದ್ದಾರೆ. ಈ ಪತ್ರಿಕೆ ಓದುವವರಲ್ಲೂ ಇರಬಹುದು. ಅವರು ಒಂದು ಭಾನುವಾರ ಹತ್ತಿರದ ಕೇರಿಯ ಇಬ್ಬರು ಮಕ್ಕಳನ್ನು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕಂಪ್ಯೂಟರ್ ಆನ್ ಮಾಡಲಿ. ಕವರು ಹೊದಿಸಿ ಇಟ್ಟಿದ್ದರೆ ಕವರು ತೆಗೆಯಲಿ.

ಸಂಘಟನೆಯ ಗೆಳೆಯರಿಗೆ ಬೇರೆ ಕೆಲಸ ಇದೆ. ಕೇಂದ್ರ ಸರ್ಕಾರವೇ 2015ರಲ್ಲಿ ಒಂದು ನೀತಿ ಹೊರಡಿಸಿ, ಸರ್ಕಾರಿ ಕೆಲಸಗಳಿಗೆ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು ಎಂದಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು 2005ರ ಮಾಹಿತಿ ಹಕ್ಕಿನ ಕೆಳಗೆ ತಾಲ್ಲೂಕು ಕಚೇರಿಗೆ, ಆಹಾರ ಇಲಾಖೆಗೆ ಅರ್ಜಿ ಹಾಕಬೇಕು. ನಮ್ಮ ತಾಲ್ಲೂಕಿನಲ್ಲಿ ಕಳೆದ ಆರು ತಿಂಗಳಲ್ಲಿ ಯಂತ್ರ ಎಷ್ಟು ಸಲ ‘ಹೊಂದಲಿಲ್ಲ’ ಎಂದಿತು, ಎಷ್ಟು ಜನ ಬರಿಗೈಲಿ ಹೋದರು, ಆ ತಂತ್ರಾಂಶ ಬರೆದವರು ಯಾರು, ಅದರ ಮೂಲ ಬರಹ ಸರ್ಕಾರದ ಬಳಿ ಇದೆಯೇ, ಅದನ್ನು ಪರೀಕ್ಷೆ ಮಾಡಿದವರು ಯಾರು. ಕೊನೆಯ ಪ್ರಶ್ನೆಗಳಿಗೆ ‘ವಾಣಿಜ್ಯ ಗುಟ್ಟು’ ಎಂದು 8ನೇ ಸೆಕ್ಷನ್ ತೋರಿಸಿ ಇಲ್ಲ ಅನ್ನಬಹುದು. ಅನ್ನಲಿ, ಹಾಗೆಂದು ಬರೆದು ಸಹಿ ಮಾಡಿ ಕೊಡಲಿ. ಮೇಲ್ಮನವಿಗೆ ಆ ಕಾಗದ ಬೇಕು. ಅರ್ಜಿಗೆ 10 ರೂಪಾಯಿ, ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಆದ್ದರಿಂದ ಎರಡಾಗಿ ಒಡೆದು, ಇಬ್ಬರ ಹೆಸರಿನಲ್ಲಿ ಹಾಕುವುದು ಒಳ್ಳೆಯದು.